ಹೆಸರು, ವಂಶಾವಳಿ, ಪರೀಕ್ಷೆ: ನಾಯಿ ತಳಿಗಳ ಸಂವರ್ಧನೆಯಲ್ಲಿ ಹೊಣೆಗಾರಿಕೆ

ಸಾಕುಪ್ರಾಣಿಗಳ ತಳಿಯ ವಿಚಾರವು ಪಶುವೈದ್ಯರಿಗೂ ಜೀವವಿಜ್ಞಾನಿಗಳಿಗೂ ಮಾತ್ರ ಸೇರಿದ್ದೆಂಬ ಅಭಿಪ್ರಾಯ ರೂಢಿಯಲ್ಲಿದೆ. ಬಹುಮಟ್ಟಿಗೆ ಅದು ನಿಜವೇ. ಆದರೆ ಒಂದು ಪ್ರಾಣಿ ಇಂಥ ತಳಿಯದೆಂದು ನಾವು ಹೇಳುವಾಗ ಅದರ ತಂದೆತಾಯಿಗಳು ಯಾರು, ಅವುಗಳ ಹಿಂದಿನವು ಯಾವುವು ಎಂಬ ವೃತ್ತಾಂತವನ್ನೇ ಆಧಾರವಾಗಿ ಹಿಡಿಯುತ್ತೇವೆ. ಅಂದಮೇಲೆ ವಂಶಾವಳಿಯೆಂಬುದು ಒಂದು ಚಾರಿತ್ರಿಕ ದಾಖಲೆ. ತಾಮ್ರಪಟವನ್ನು ಓದುವ ಸಂಶೋಧಕನು ಅದರ ಲಿಪಿ, ಕಾಲ, ಸಾಕ್ಷಿಗಳನ್ನು ಪರಿಶೀಲಿಸದೆ ಅದರ ಮಾತನ್ನು ಒಪ್ಪುವುದಿಲ್ಲವಷ್ಟೆ. ವಂಶಾವಳಿಯ ವಿಷಯದಲ್ಲಿ ಆ ಪರಿಶೀಲನೆಯ ಸ್ಥಾನವನ್ನು ಆರೋಗ್ಯಪರೀಕ್ಷೆಯು ಪಡೆಯುತ್ತದೆ. ಲ್ಯಾಬ್ರಡೂಡಲ್ ಎಂಬ ಮಿಶ್ರ ನಾಯಿಯನ್ನೂ ನಮ್ಮ ನಾಡಿನ ಮುಧೋಳ ನಾಯಿಯನ್ನೂ ನಿದರ್ಶನವಾಗಿಟ್ಟುಕೊಂಡು ಈ ಮಾತನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಕರಾವಳಿಯ ಹಳೆಯ ಪಾಠ

ದೂರದೇಶದಿಂದ ಬಂದ ಬೆಲೆಯುಳ್ಳ ಪ್ರಾಣಿಯನ್ನು ಕೊಳ್ಳುವ ಪ್ರಶ್ನೆ ಉತ್ತರ ಕನ್ನಡದ ಕರಾವಳಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ, ಹೊನ್ನಾವರಗಳು ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ರೇವುಗಳಾಗಿದ್ದವು. ಹೊರ್ಮುಜಿನ ಹಡಗುಗಳು ಭಟ್ಕಳಕ್ಕೆ ಕುದುರೆಗಳನ್ನು ತಂದು, ಅಕ್ಕಿ ಸಕ್ಕರೆಗಳನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಪೋರ್ತುಗೀಸನಾದ ಬಾರ್ಬೋಸನು ಬರೆದಿಟ್ಟಿದ್ದಾನೆ. ಸ್ವತಃ ಕುದುರೆಯ ವ್ಯಾಪಾರಿಯಾಗಿದ್ದ ನುನಿಜನು ಸಾಳುವ ನರಸಿಂಹನ ವಿಷಯವಾಗಿ ಇನ್ನೂ ವಿಶೇಷವಾದ ಸಂಗತಿಯೊಂದನ್ನು ಹೇಳುತ್ತಾನೆ. ಆ ಅರಸನು ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಬದುಕಿರಲಿ ಸತ್ತಿರಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಸಲ್ಲುತ್ತಿತ್ತಂತೆ. ಇಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ ವ್ಯವಹಾರದ ಸ್ವರೂಪ ಸ್ಪಷ್ಟವಾಗಿದೆ. ಸೈನ್ಯಕ್ಕೆ ಕುದುರೆ ಅನಿವಾರ್ಯವಾಗಿದ್ದುದರಿಂದ ಅರಸನು ನಷ್ಟವನ್ನೆಲ್ಲ ತಾನೇ ಹೊತ್ತನು. ಆದರೆ ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆಯಾದಾಗ, ಹಡಗಿನಲ್ಲಿ ಪ್ರಾಣಿಯನ್ನು ಜೋಪಾನ ಮಾಡುವುದಕ್ಕೆ ಮಾರುವವನಿಗೆ ಯಾವ ಪ್ರೇರಣೆಯೂ ಉಳಿಯಲಿಲ್ಲ.

ಕುಮಟೆಯ ಇತಿಹಾಸವು ಇದೇ ವಿಷಯದ ಇನ್ನೊಂದು ಮುಖವನ್ನು ತೋರಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಕಡೆಯ ಕರಿಯ ನೆಲದಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟೆಯ ರೇವಿನಿಂದ ಹೊರಹೋಗುತ್ತಿತ್ತು. ಬೆಳೆದ ಊರಿನ ಹೆಸರು ಮರೆಯಾಗಿ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎನಿಸಿತು. ಹೆಸರಿಗೆ ಬೆಲೆ ಬಂದ ಕಡೆ ಕಲಬೆರಕೆಯೂ ಬರುವುದು ಸಹಜ. ಹತ್ತಿಯ ಕಲಬೆರಕೆಯನ್ನು ತಡೆಯುವುದಕ್ಕಾಗಿಯೇ ಮುಂಬಯಿ ಸರಕಾರವು ೧೮೬೩ರಲ್ಲಿ ಪ್ರತ್ಯೇಕ ಶಾಸನವನ್ನು ಮಾಡಬೇಕಾಯಿತು. ಹೆಸರು ಸರಕಿನ ಗುಣಕ್ಕೆ ಪ್ರಮಾಣವಲ್ಲ. ಪರೀಕ್ಷೆಯಿಲ್ಲದ ಬೇಡಿಕೆಯು ಸರಕನ್ನು ಕೆಡಿಸುತ್ತದೆ. ಈ ಎರಡು ಮಾತುಗಳು ಇಂದಿನ ನಾಯಿಮರಿಗಳ ಪೇಟೆಗೂ ಯಥಾವತ್ತಾಗಿ ಅನ್ವಯಿಸುತ್ತವೆ.

೨. ಲ್ಯಾಬ್ರಡೂಡಲಿನ ಹುಟ್ಟು

ಲ್ಯಾಬ್ರಡಾರ್ ಮತ್ತು ಪೂಡಲ್ ಎಂಬ ಎರಡು ತಳಿಗಳ ಕೂಡಿಕೆಯಿಂದ ಹುಟ್ಟಿದ ನಾಯಿಗೆ ಲ್ಯಾಬ್ರಡೂಡಲ್ ಎಂದು ಹೆಸರು. ಇದು ಪ್ರಸಿದ್ಧಿಗೆ ಬಂದದ್ದು ಆಸ್ಟ್ರೇಲಿಯದಲ್ಲಿ. ಅಂಧರಿಗೆ ದಾರಿತೋರುವ ನಾಯಿಗಳನ್ನು ಸಿದ್ಧಪಡಿಸುವ ಅಲ್ಲಿಯ ಸಂಸ್ಥೆಯೊಂದರಲ್ಲಿ ವಾಲಿ ಕಾನ್ರನ್ ಎಂಬವರು ಮರಿಗಳ ಸಂವರ್ಧನೆಯನ್ನು ನೋಡಿಕೊಳ್ಳುತ್ತಿದ್ದರು. ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರು ನಾಯಿಯನ್ನು ಬೇಡಿದರು. ಆದರೆ ಅವರ ಪತಿಗೆ ನಾಯಿಯ ಕೂದಲಿನಿಂದ ಅಲರ್ಜಿಯಾಗುತ್ತಿತ್ತು. ಕಾನ್ರನ್ನರು ಮೊದಲು ಹಲವಾರು ಪೂಡಲ್ ನಾಯಿಗಳನ್ನು ಪರೀಕ್ಷಿಸಿ, ಅವು ಈ ಕೆಲಸಕ್ಕೆ ಒಗ್ಗದಿರಲು, ೧೯೮೯ರಲ್ಲಿ ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿದರು. ಹುಟ್ಟಿದ ಮೂರು ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಿ ನೋಡಲಾಗಿ, ಆ ಪತಿಗೆ ಅಲರ್ಜಿಯುಂಟುಮಾಡದ ಮರಿ ಒಂದೇ ಒಂದು. ಸುಲ್ತಾನ್ ಎಂಬ ಆ ಮರಿಯೇ ಮುಂದೆ ಮಾರ್ಗದರ್ಶಿ ನಾಯಿಯಾಯಿತು.

ಈ ವೃತ್ತಾಂತದಲ್ಲಿ ಮುಖ್ಯವಾದ ಅಂಶವೊಂದು ಸಾಮಾನ್ಯವಾಗಿ ಮರೆತುಹೋಗುತ್ತದೆ. ಒಂದೇ ತಾಯಿಯ ಒಂದೇ ಸೂಲಿನ ಮೂರು ಮರಿಗಳಲ್ಲಿ ಎರಡು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದುದರಿಂದ ಸುಲ್ತಾನನ ಯಶಸ್ಸಿಗೆ ಬರಿಯ ಮಿಶ್ರಣವು ಕಾರಣವಲ್ಲ. ಮಿಶ್ರಣದ ತರುವಾಯ ಪ್ರತಿಯೊಂದು ಮರಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದುದು ಕಾರಣ. ಲೋಕವು ಮಾತ್ರ ಹೆಸರನ್ನು ಹಿಡಿದುಕೊಂಡು ಪರೀಕ್ಷೆಯನ್ನು ಕೈಬಿಟ್ಟಿತು. ಮಿಶ್ರ ನಾಯಿಯೆಂದಾಗ ಬೇಡವೆಂದ ಜನರೇ ಹೊಸ ಹೆಸರು ಕೇಳಿದೊಡನೆ ಮುಂದೆ ಬಂದರು. ಲಾಭಕ್ಕಾಗಿ ಕಂಡಕಂಡ ನಾಯಿಗಳನ್ನು ಕೂಡಿಸುವವರು ಹೆಚ್ಚಿದುದನ್ನು ಕಂಡು ಕಾನ್ರನ್ನರೇ ೨೦೧೯ರಲ್ಲಿ ಈ ಕಾರ್ಯಕ್ಕಾಗಿ ಬಹಿರಂಗವಾಗಿ ವಿಷಾದವನ್ನು ವ್ಯಕ್ತಪಡಿಸಿದರು.

ಮುಂದಿನ ಸಂಶೋಧನೆಗಳೂ ಇದನ್ನೇ ಸಮರ್ಥಿಸುತ್ತವೆ. ಅಲರ್ಜಿಯುಂಟುಮಾಡವೆಂದು ಹೆಸರಾದ ತಳಿಗಳ ಕೂದಲಿನಲ್ಲಿ ಅಲರ್ಜಿಕಾರಕ ಪದಾರ್ಥವು ಇತರ ನಾಯಿಗಳಿಗಿಂತ ಕಡಿಮೆಯೇನೂ ಇಲ್ಲವೆಂದು ೨೦೧೨ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಪ್ರಕಟಿಸಿದರು. ಆಸ್ಟ್ರೇಲಿಯನ್ ಲ್ಯಾಬ್ರಡೂಡಲ್ ಎಂಬ ನಾಯಿಯು ವಂಶವಾಹಿಗಳ ದೃಷ್ಟಿಯಿಂದ ಅರ್ಧಕ್ಕರ್ಧ ಮಿಶ್ರವಲ್ಲ, ಬಹುಪಾಲು ಪೂಡಲೇ ಎಂದು ೨೦೨೦ರ ಅಧ್ಯಯನವೊಂದು ತೋರಿಸಿತು. ೨೦೨೪ರಲ್ಲಿ ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಲ್ಯಾಬ್ರಡೂಡಲೂ ಸೇರಿದಂತೆ ಮೂರು ಮಿಶ್ರ ನಾಯಿಗಳನ್ನು ಅವುಗಳ ಮೂಲತಳಿಗಳೊಡನೆ ೫೭ ಸಾಮಾನ್ಯ ರೋಗಗಳ ವಿಷಯದಲ್ಲಿ ಹೋಲಿಸಿ ನೋಡಿದರು. ಬಹುಪಾಲು ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಮಿಶ್ರವಾದುದರಿಂದಲೇ ನಾಯಿಯು ಆರೋಗ್ಯವಾಗಿರುತ್ತದೆ ಎಂಬ ನಂಬಿಕೆಗೆ ಇದರಿಂದ ಆಧಾರ ತಪ್ಪಿದಂತಾಯಿತು.

೩. ಪರೀಕ್ಷೆ ಏಕೆ ಬೇಕು?

ಮಿಶ್ರಣವು ಏಕೆ ರಕ್ಷೆಯಾಗುವುದಿಲ್ಲವೆಂಬುದನ್ನು ಒಂದು ನೇತ್ರರೋಗದ ಉದಾಹರಣೆಯಿಂದ ತಿಳಿಯಬಹುದು. ಅಕ್ಷಿಪಟಲವು ಕ್ರಮೇಣ ಕ್ಷಯಿಸಿ, ಮೊದಲು ಇರುಳುಗುರುಡೂ ಕಡೆಗೆ ಪೂರ್ಣ ಕುರುಡೂ ಬರುವ ಆನುವಂಶಿಕ ರೋಗವೊಂದುಂಟು. ಇದಕ್ಕೆ ಕಾರಣವಾದ ವಂಶವಾಹಿಯ ದೋಷವನ್ನು ೨೦೦೬ರಲ್ಲಿ ಗುರುತಿಸಲಾಯಿತು. ಈ ದೋಷವು ಅಪ್ರಬಲ ಸ್ವರೂಪದ್ದು. ಎಂದರೆ, ತಂದೆಯಿಂದೊಂದು ತಾಯಿಯಿಂದೊಂದು ಹೀಗೆ ಎರಡು ದೋಷಯುಕ್ತ ಪ್ರತಿಗಳು ಬಂದಾಗ ಮಾತ್ರ ರೋಗ ತಲೆದೋರುತ್ತದೆ. ಒಂದೇ ಪ್ರತಿಯುಳ್ಳ ನಾಯಿ ಕಣ್ಣಿಗೆ ಸಂಪೂರ್ಣ ಆರೋಗ್ಯವಾಗಿ ಕಂಡರೂ ದೋಷದ ವಾಹಕವಾಗಿರುತ್ತದೆ. ಇಂಥ ಎರಡು ವಾಹಕಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ರೋಗಕ್ಕೆ ತುತ್ತಾಗುತ್ತದೆ, ಎರಡು ವಾಹಕಗಳಾಗುತ್ತವೆ, ಒಂದು ಮಾತ್ರ ದೋಷಮುಕ್ತವಾಗುತ್ತದೆ.

ಈ ದೋಷವು ಲ್ಯಾಬ್ರಡಾರಿನಲ್ಲಿಯೂ ಉಂಟು, ಪೂಡಲಿನಲ್ಲಿಯೂ ಉಂಟು. ಹೀಗಿರುವುದರಿಂದ ಎರಡು ತಳಿಗಳನ್ನು ಕೂಡಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ಅಷ್ಟೇ ಅಲ್ಲದೆ, ರೋಗದ ಲಕ್ಷಣಗಳು ಸಾಮಾನ್ಯವಾಗಿ ಪ್ರಾಯ ಬಂದು ಕೆಲವು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತವೆ. ಅಷ್ಟರಲ್ಲಿ ಆ ನಾಯಿ ಹಲವು ಮರಿಗಳಿಗೆ ತಂದೆಯೋ ತಾಯಿಯೋ ಆಗಿರುತ್ತದೆ. ಆದುದರಿಂದ ಕೂಡಿಸುವ ಮುನ್ನವೇ ಡಿ.ಎನ್.ಎ. ಪರೀಕ್ಷೆ ಅವಶ್ಯಕ. ಕೆನ್ನೆಯ ಒಳಭಾಗದಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯೊಂದು ಇದಕ್ಕೆ ಸಾಕು. ವಾಹಕವೆಂದು ತಿಳಿದ ನಾಯಿಯನ್ನು ತಿರಸ್ಕರಿಸಬೇಕಾದುದಿಲ್ಲ. ದೋಷಮುಕ್ತವಾದ ಜೊತೆಯೊಡನೆ ಕೂಡಿಸಿದರೆ ಮರಿಗಳಲ್ಲಿ ಈ ರೋಗ ಬರಲಾರದು.

ಲ್ಯಾಬ್ರಡಾರಿನಲ್ಲಿ ತೀವ್ರ ಓಟದ ತರುವಾಯ ಹಿಂಗಾಲು ಕುಸಿಯುವ ರೋಗವೂ, ಪೂಡಲಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟದ ವಾನ್ ವಿಲ್ಲಿಬ್ರಾಂಡ್ ರೋಗವೂ ಪರೀಕ್ಷಿಸತಕ್ಕವುಗಳಲ್ಲಿ ಸೇರಿವೆ. ಕುಸಿತದ ರೋಗವೂ ಅಪ್ರಬಲ ದೋಷದಿಂದ ಬರತಕ್ಕುದು. ಈ ದೋಷವಿರುವ ಲ್ಯಾಬ್ರಡಾರನ್ನು ದೋಷವಿಲ್ಲದ ಪೂಡಲಿನೊಡನೆ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ರೋಗ ಕಾಣಿಸುವುದಿಲ್ಲ. ಮಿಶ್ರಣದ ನಿಜವಾದ ಲಾಭವಿದು. ಆದರೆ ಆ ಪೀಳಿಗೆಯ ನಾಯಿಗಳನ್ನೇ ಪರೀಕ್ಷಿಸದೆ ತಮ್ಮತಮ್ಮೊಳಗೆ ಕೂಡಿಸಿದಲ್ಲಿ ಮರೆಯಾಗಿದ್ದ ದೋಷವು ಎರಡನೆಯ ಪೀಳಿಗೆಯಲ್ಲಿ ಮರಳಿ ಬರಬಹುದು.

ಸೊಂಟದ ಕೀಲಿನ ವಿಚಾರ ಇದಕ್ಕಿಂತ ಜಟಿಲವಾದುದು. ತೊಡೆಯೆಲುಬಿನ ತಲೆ ಕೀಲುಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಕಾಲಾನುಕ್ರಮದಲ್ಲಿ ಕೀಲು ಸವೆದು ನಾಯಿ ಕುಂಟುತ್ತದೆ. ಇದಕ್ಕೆ ಅನೇಕ ವಂಶವಾಹಿಗಳು ಸೇರಿ ಕಾರಣವಾಗುವುದರಿಂದ ಒಂದೇ ಡಿ.ಎನ್.ಎ. ಪರೀಕ್ಷೆಯಿಂದ ನಿರ್ಣಯ ಸಾಧ್ಯವಿಲ್ಲ. ತಂದೆತಾಯಿಗಳ ಕ್ಷ-ಕಿರಣ ಚಿತ್ರವನ್ನು ತೆಗೆಯಬೇಕು. ಬ್ರಿಟನ್ನಿನ ಯೋಜನೆಯಲ್ಲಿ ನಾಯಿಗೆ ಕನಿಷ್ಠ ೧ ವರ್ಷ, ಅಮೆರಿಕದ ಸಂಸ್ಥೆಯ ಅಂತಿಮ ಪ್ರಮಾಣಪತ್ರಕ್ಕೆ ೨ ವರ್ಷ ತುಂಬಿರಬೇಕು. ಸಾಕುವ ಕ್ರಮಕ್ಕೂ ಇದರಲ್ಲಿ ಪಾಲುಂಟು. ೪೮ ಲ್ಯಾಬ್ರಡಾರುಗಳ ಮೇಲೆ ಅವುಗಳ ಆಯುಷ್ಯವಿಡೀ ನಡೆದು ೨೦೦೨ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ನಾಲ್ಕನೆಯ ಒಂದು ಭಾಗ ಕಡಿಮೆ ಆಹಾರ ಪಡೆದ ನಾಯಿಗಳು ಸುಮಾರು ೨ ವರ್ಷ ಹೆಚ್ಚು ಬದುಕಿದವು. ಅವುಗಳ ಕೀಲುಗಳೂ ತಡವಾಗಿ ಸವೆದವು.

೪. ಮುಧೋಳ ನಾಯಿಯ ನಿದರ್ಶನ

ಮೇಲ್ಕಂಡ ವಿಚಾರಗಳು ಪರದೇಶದ ನಾಯಿಗಳಿಗೆ ಮಾತ್ರ ಸೀಮಿತವಲ್ಲ. ಕನ್ನಡನಾಡಿಗೆ ಬೇಟೆನಾಯಿಗಳ ಪರಂಪರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನಾಯಿಗಳ ವಿನೋದಕ್ಕೇ ಮೀಸಲಾದ ಪ್ರಕರಣವೊಂದಿದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಸಂಸ್ಥಾನಿಕರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಅಲ್ಲಿಯ ಬೇಟೆನಾಯಿಗಳನ್ನು ಆಯ್ದು ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಹೊರಡಿಸಿದ ನಾಲ್ಕು ನಾಯಿ ತಳಿಗಳ ಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನ ಕೇಂದ್ರವಿದೆ.

ಇಲ್ಲಿಯೂ ಹೆಸರಿನ ತೊಡಕು ತಪ್ಪಿಲ್ಲ. ಒಂದೇ ನಾಯಿಯನ್ನು ಒಂದು ಕೆನಲ್ ಕ್ಲಬ್ಬು ‘ಕ್ಯಾರವಾನ್ ಹೌಂಡ್’ ಎಂದೂ ಮತ್ತೊಂದು ‘ಮುಧೋಳ ಹೌಂಡ್’ ಎಂದೂ ದಾಖಲಿಸುತ್ತವೆ. ಲ್ಯಾಬ್ರಡೂಡಲಿನ ಸಮಸ್ಯೆ ವಿಚಾರಹೀನ ಮಿಶ್ರಣವಾದರೆ, ಸಂಖ್ಯೆ ಸೀಮಿತವಾದ ದೇಶೀಯ ತಳಿಯ ಅಪಾಯ ಅದಕ್ಕೆ ವಿರುದ್ಧವಾದುದು. ಹೆಸರಾಂತ ಒಂದೇ ಗಂಡುನಾಯಿಯನ್ನು ಊರಿಗೆಲ್ಲ ಬಳಸಿದರೆ ಕೆಲವೇ ಪೀಳಿಗೆಗಳಲ್ಲಿ ಮರಿಗಳೆಲ್ಲ ರಕ್ತಸಂಬಂಧಿಗಳಾಗಿ, ಮರೆಯಾಗಿದ್ದ ದೋಷಗಳು ಜೋಡಿಗೂಡುತ್ತವೆ. ಎರಡು ಅಪಾಯಗಳಿಗೂ ಪರಿಹಾರ ಒಂದೇ: ಯಾವ ನಾಯಿ ಯಾವುದರ ಸಂತಾನವೆಂಬ ನಿಜವಾದ ದಾಖಲೆ, ಮತ್ತು ಆ ದಾಖಲೆಯೊಡನೆ ಪರೀಕ್ಷೆಯ ಫಲಿತಾಂಶ.

೫. ಶಾಸನವೂ ಕೊಳ್ಳುವವನ ಹೊಣೆಯೂ

ಭಾರತ ಸರಕಾರವು ೨೦೧೭ರಲ್ಲಿ ನಾಯಿಗಳ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ನಿಯಮಗಳನ್ನು ಹೊರಡಿಸಿತು. ಇವುಗಳ ಪ್ರಕಾರ ಸಂವರ್ಧಕನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣುನಾಯಿಗೆ ೧೮ ತಿಂಗಳು ತುಂಬುವ ಮುನ್ನ ಕೂಡಿಸಕೂಡದು. ಜೀವಮಾನದಲ್ಲಿ ಅದು ೫ಕ್ಕಿಂತ ಹೆಚ್ಚು ಸಲ ಈಯುವಂತೆ ಮಾಡಕೂಡದು. ೮ ವಾರ ತುಂಬದ ಮರಿಯನ್ನು ಮಾರಕೂಡದು. ಇವು ತಾಯಿಯ ದೇಹವನ್ನು ರಕ್ಷಿಸುವ ಕನಿಷ್ಠ ಮಿತಿಗಳು. ಆನುವಂಶಿಕ ಪರೀಕ್ಷೆಯನ್ನು ಕೇಳಿ ಪಡೆಯುವ ಭಾರ ಮಾತ್ರ ಬಹುಮಟ್ಟಿಗೆ ಕೊಳ್ಳುವವನ ಮೇಲೆಯೇ ಉಳಿದಿದೆ.

ಹಾಗಾದರೆ ಕೊಳ್ಳುವವನು ಕೇಳಬೇಕಾದುದೇನು? ತಾಯಿನಾಯಿಯನ್ನು ಅದು ಇರುವ ಸ್ಥಳದಲ್ಲಿಯೇ ನೋಡಬೇಕು. ತಂದೆತಾಯಿಗಳೆರಡರ ಡಿ.ಎನ್.ಎ. ವರದಿ, ಸೊಂಟದ ಕ್ಷ-ಕಿರಣದ ಫಲಿತಾಂಶ, ಕಣ್ಣಿನ ಪರೀಕ್ಷೆಯ ಕಾಗದಗಳನ್ನು ಕೇಳಿ, ಅವು ಆ ನಾಯಿಗಳವೇ ಎಂದು ಗುರುತಿನ ಸಂಖ್ಯೆಯಿಂದ ಖಚಿತಪಡಿಸಿಕೊಳ್ಳಬೇಕು. ಪಶುವೈದ್ಯನು ಮರಿಯನ್ನು ನೋಡಿ ಬರೆದ ಸಾಮಾನ್ಯ ಆರೋಗ್ಯಪತ್ರವಾಗಲಿ ಲಸಿಕೆಯ ಚೀಟಿಯಾಗಲಿ ಅವಶ್ಯಕವೇ ಆದರೂ, ತಂದೆತಾಯಿಗಳ ಪರೀಕ್ಷೆಗೆ ಅದು ಬದಲಿಯಾಗಲಾರದು. ವಾಯುಗುಣವನ್ನೂ ಲೆಕ್ಕಕ್ಕೆ ತರಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಉದುರದೆ ಬೆಳೆಯುವ ಗುಂಗುರು ಕೂದಲು, ಜೋತುಬಿದ್ದ ಕಿವಿ ಇವು ಇಂಥ ತೇವದಲ್ಲಿ ಚರ್ಮರೋಗಕ್ಕೂ ಕಿವಿಯ ಸೋಂಕಿಗೂ ಎಡೆಗೊಡುತ್ತವೆ. ದಿನವೂ ಬಾಚಿ ಒಣಗಿಸುವ ವ್ಯವಧಾನವಿಲ್ಲದವರಿಗೆ ಈ ನಾಯಿ ಹೊಂದುವಂಥದಲ್ಲ.

ಪರೀಕ್ಷೆಯ ಕಾಗದವನ್ನು ಕೇಳದೆ ಬೆಲೆ ಕೊಡುವವನು, ಬಾಲವನ್ನು ನೋಡಿ ಕುದುರೆಯ ಬೆಲೆ ತೆತ್ತ ಅರಸನ ದಾರಿಯನ್ನೇ ಹಿಡಿದಂತಾಗುತ್ತದೆ. ಅರಸನ ಬೊಕ್ಕಸಕ್ಕೆ ಆ ನಷ್ಟವನ್ನು ತಡೆಯುವ ಶಕ್ತಿಯಿತ್ತು. ಆದರೆ ಐದನೆಯ ವರ್ಷಕ್ಕೆ ಕಣ್ಣು ಕಳೆದುಕೊಳ್ಳುವ ನಾಯಿಯೂ ಅದನ್ನು ಸಾಕಿದ ಮನೆಯವರೂ ಅನುಭವಿಸುವ ಕಷ್ಟ ಹಣದಿಂದ ತೀರುವಂಥದಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಸಾಕಿರುವ ನಾಯಿಗಳ ಮೂಲ, ವಯಸ್ಸು, ರೋಗ, ಮರಣಗಳ ಪಟ್ಟಿಯೊಂದನ್ನು ಪಶುವೈದ್ಯರ ಸಹಾಯದಿಂದ ವರ್ಷವರ್ಷವೂ ಬರೆದಿಡಲು ತೊಡಗಿದರೆ, ಯಾವ ಮೂಲದ ಮರಿಗಳು ಈ ಕರಾವಳಿಯಲ್ಲಿ ಆರೋಗ್ಯವಾಗಿ ಬಾಳುತ್ತವೆಂಬುದಕ್ಕೆ ಹತ್ತು ವರ್ಷಗಳಲ್ಲಿ ಒಂದು ನಂಬತಕ್ಕ ಆಧಾರ ದೊರೆತೀತು. ಇದಕ್ಕೆ ಹೆಚ್ಚಿನ ಉಪಕರಣಗಳು ಬೇಕಾಗಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸವಿದ್ದರೆ ಸಾಕು.