ನಾವೊಬ್ಬರೇ ಮುಂಬಯಿಗೆ ಹೋದದ್ದು

ನಮ್ಮ ಮಗಳು ಆರನೆಯ ಇಯತ್ತೆಯಲ್ಲಿ ಓದುತ್ತಾಳೆ. ಶಾಲೆಯಲ್ಲಿ ‘ನನ್ನ ತಾಯಿ’ ಎಂಬ ವಿಷಯ ಕೊಟ್ಟು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದು ತರಲು ಹೇಳಿದ್ದರು. ‘ತಾಯಿಗೆ ಪ್ರಿಯವಾದ ಸ್ಥಳ’ ಎಂಬಲ್ಲಿ ಅವಳು ‘ಅಡಿಗೆಮನೆ’ ಎಂದು ಬರೆದು, ಮುದ್ದಾದ ಅಕ್ಷರದಲ್ಲಿ ಕೆಳಗೊಂದು ಗೆರೆಯನ್ನೂ ಎಳೆದಿದ್ದಳು. ತಪ್ಪು ಅವಳದಲ್ಲ, ಅವಳು ಹುಟ್ಟಿದಾರಭ್ಯ ನಮ್ಮನ್ನು ಕಂಡದ್ದೇ ಅಲ್ಲಿ. ನಾವು ಕಾಗುಣಿತವನ್ನು ಮಾತ್ರ ತಿದ್ದಿದೆವು, ಉತ್ತರವನ್ನು ತಿದ್ದಲಿಲ್ಲ. ತಿದ್ದಿ ಮತ್ತೇನು ಬರೆಯಬೇಕೆಂಬುದು ನಮಗೂ ಹೊಳೆಯಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಮುಂಬಯಿ ಇಲ್ಲಿಂದ ರೈಲಿನಲ್ಲಿ 192 ಕಿಲೋಮೀಟರು. ಹತ್ತಾರು ಸಲ ಹೋಗಿದ್ದೇವೆ, ಮದುವೆಗೆ, ಮುಂಜಿವೆಗೆ, ಆಸ್ಪತ್ರೆಗೆ. ಹೋದಾಗಲೆಲ್ಲ ಕಂಕುಳಲ್ಲೊಂದು ಕೂಸು, ಹೆಗಲಿಗೊಂದು ಚೀಲ, ಕಣ್ಣು ಸಾಮಾನಿನ ಮೇಲೆ. ಮುಂಬಯಿಯನ್ನು ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ, ಮುಂಬಯಿಯಲ್ಲಿರುವ ನಮ್ಮ ಬಳಗದವರ ಅಡಿಗೆಮನೆಗಳನ್ನು ನೋಡಿದ್ದೇವೆ ಎಂದೇ ಹೇಳಬೇಕು.

ಒಂದು ಶನಿವಾರ, ಒಂದು ರವಿವಾರ ಒಬ್ಬರೇ ಮುಂಬಯಿಗೆ ಹೋಗಿ ಬರುವುದಾಗಿ ಮನೆಯಲ್ಲಿ ಹೇಳಿದೆವು. ಯಜಮಾನರು ಪತ್ರಿಕೆಯಿಂದ ತಲೆ ಎತ್ತಿ “ಯಾರ ಮದುವೆ?” ಎಂದರು. ಮದುವೆಯಲ್ಲ, ಸುಮ್ಮನೆ, ಎಂದೆವು. “ಸುಮ್ಮನೆ ಅಂದರೆ?” ಎಂದರು. ಈ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟವೆಂದು ನಮ್ಮ ವಾಚಕ ಸೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಯವರು ಜಪಮಣಿ ಎಣಿಸುತ್ತ ಏನೂ ಮಾತಾಡಲಿಲ್ಲ. ಅದು ಒಪ್ಪಿಗೆಯೋ ಕೋಪವೋ ತಿಳಿಯದೆ ನಾವು ಇಡೀ ವಾರ ಎರಡು ಪಲ್ಯ ಹೆಚ್ಚಿಗೆ ಮಾಡಿದೆವು. ಹೊರಡುವ ಹಿಂದಿನ ದಿನ ಹಿಟ್ಟು, ಹಾಲು, ಔಷಧ, ಸಮವಸ್ತ್ರ ಎಲ್ಲವುಗಳ ಯಾದಿಯನ್ನು ಶೀತಕಪಾಟಿನ ಮೇಲೆ ಅಂಟಿಸಿದೆವು. ಅದನ್ನು ಓದಿದ ನಮ್ಮ ಮಗ, “ಅವ್ವಾ, ನೀ ಎರಡು ದಿನಕ್ಕ ಹೊಂಟೀಯೋ, ಎರಡು ವರ್ಷಕ್ಕೋ?” ಎಂದು ನಕ್ಕ.

ಮುಂಜಾನೆಯ ಡೆಕ್ಕನ್ ಕ್ವೀನ್ ಹತ್ತಿದೆವು. 1930ರ ಜೂನ್ 1ರಂದು ಓಡತೊಡಗಿದ ಈ ಗಾಡಿಗೆ ಊಟದ ಡಬ್ಬಿಯೊಂದು ಇದೆ. ಮೇಜಿನ ಮುಂದೆ ಕುಳಿತು ತಿನ್ನುತ್ತ ಹೋಗಬಹುದು. ನಾವು ಬುತ್ತಿ ಕಟ್ಟಿಕೊಂಡಿರಲಿಲ್ಲ. ಇನ್ನೊಬ್ಬರು ಬೇಯಿಸಿದ್ದನ್ನು, ಬಿಸಿಯಾಗಿರುವಾಗಲೇ, ಯಾರೂ ಕರೆಯದೆ ಕೊನೆಯವರೆಗೂ ತಿಂದೆವು. ಖಂಡಾಳದ ಘಟ್ಟದಲ್ಲಿ ಸುರಂಗದ ನಂತರ ಸುರಂಗ. 1863ರಲ್ಲಿ ತೆರೆದ ಬೋರ್ ಘಾಟಿನ ಈ ದಾರಿಯನ್ನು ಇಷ್ಟು ವರ್ಷ ಮಕ್ಕಳಿಗೆ ತೋರಿಸಿದ್ದೆವು; ನಾವು ನೋಡಿದ್ದು ಅಂದೇ.

ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ ಇಳಿದವರು ಯಾರೂ ನಿಲ್ಲುವುದಿಲ್ಲ. ನಾವು ಹೊರಗೆ ಬಂದು ರಸ್ತೆಯಾಚೆ ನಿಂತು ತಲೆ ಎತ್ತಿ ನೋಡಿದೆವು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ಯೋಜನೆ; 1878ರಲ್ಲಿ ಕೆಲಸ ಮೊದಲಾಗಿ 1887ರ ಹೊತ್ತಿಗೆ ನಿಂತ ಕಟ್ಟಡ. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಡುಗುಮ್ಮಟದ ನೆತ್ತಿಯ ಮೇಲೆ ಕೈಯಲ್ಲಿ ಪಂಜು ಹಿಡಿದ ಹೆಂಗಸಿನ ಮೂರ್ತಿಯಿದೆ. ಅವಳ ಹೆಸರು ‘ಪ್ರಗತಿ’. ಇಷ್ಟು ಸಲ ಅವಳ ಕಾಲಡಿಯಿಂದಲೇ ಓಡಾಡಿದ್ದರೂ ಅವಳು ಅಲ್ಲಿರುವುದು ನಮಗೆ ಗೊತ್ತಿರಲಿಲ್ಲ.

ಅಲ್ಲಿಂದ ಕಾಲ್ನಡಿಗೆ. 1864ರ ಫ್ಲೋರಾ ಕಾರಂಜಿ ನೋಡಿ, ಏಷಿಯಾಟಿಕ್ ಸೊಸೈಟಿಯ ಮೂವತ್ತು ಮೆಟ್ಟಿಲುಗಳ ಮೇಲೆ ಕಾಲೇಜು ಹುಡುಗರ ನಡುವೆ ಅರ್ಧ ತಾಸು ಕುಳಿತೆವು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಮೊದಲ ಹತ್ತು ನಿಮಿಷ ಕೈಗೆ ಕೆಲಸವಿಲ್ಲದ್ದು ಕಳ್ಳತನ ಮಾಡಿದಂತೆ ಅನಿಸಿತು, ಆಮೇಲೆ ಅನಿಸಲಿಲ್ಲ.

ಓವಲ್ ಮೈದಾನದ ಅಂಚಿನಲ್ಲಿ ರಾಜಾಬಾಯಿ ಗೋಪುರ. ಎತ್ತರ 280 ಅಡಿ, 1878ರಲ್ಲಿ ಮುಗಿದದ್ದು. ಪ್ರೇಮಚಂದ ರಾಯಚಂದ ಎಂಬ ಹತ್ತಿಯ ವ್ಯಾಪಾರಿ ಎರಡು ಲಕ್ಷ ರೂಪಾಯಿ ಕೊಟ್ಟು ತನ್ನ ತಾಯಿಯ ಹೆಸರನ್ನು ಇದಕ್ಕೆ ಇಡಿಸಿದ. ಆ ತಾಯಿಗೆ ಕಣ್ಣು ಕಾಣದು. ಜೈನ ವ್ರತದಂತೆ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಯಬೇಕು. ಗಂಟೆಯ ಸದ್ದಿನಿಂದ ಅವಳಿಗೆ ಹೊತ್ತು ತಿಳಿಯುತ್ತಿತ್ತು ಎಂದು ಜನ ಹೇಳುತ್ತಾರೆ. ಮೈದಾನದ ಈಚೆಗೆ ಗಾಥಿಕ್ ಕಟ್ಟಡಗಳು, ಆಚೆಗೆ ಮೂವತ್ತರ ದಶಕದ ಆರ್ಟ್ ಡೆಕೋ ಮನೆಗಳು. ಈ ಎರಡೂ ಸಾಲುಗಳಿಗೆ ಕೂಡಿಯೇ 2018ರಲ್ಲಿ ವಿಶ್ವಪರಂಪರೆಯ ಮನ್ನಣೆ ಸಿಕ್ಕಿತು.

ಬಳಿಕ ಎರಡಂತಸ್ತಿನ ಬಸ್ಸು. ಹಳೆಯ ಡೀಸೆಲ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ನಿವೃತ್ತವಾದವು. ಈಗಿನವು ವಿದ್ಯುತ್ತಿನವು, ತಂಪುಗಾಳಿಯವು. ಮೇಲಂತಸ್ತಿನ ಎಲ್ಲಕ್ಕೂ ಮುಂದಿನ ಆಸನ, ಇಷ್ಟು ವರ್ಷ ಮಕ್ಕಳಿಗೆ ಬಿಟ್ಟುಕೊಟ್ಟ ಆ ಆಸನ, ಅಂದು ನಮ್ಮದಾಯಿತು.

ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡುತ್ತಿರುವಾಗ ಫೋನು ಬಂತು. ಮಗಳಿಗೆ ಜ್ವರ, ನೂರೊಂದು ಡಿಗ್ರಿ. ವೈದ್ಯರಿಗೆ ತೋರಿಸಿದ್ದಾಗಿದೆ, ಗಾಬರಿ ಬೇಡ ಎಂದು ಯಜಮಾನರು ಹೇಳಿದರು. ಗಾಬರಿ ಬೇಡ ಎಂಬುದನ್ನು ಅವರು ಮೂರು ಸಲ ಹೇಳಿದ್ದರಿಂದ ಗಾಬರಿ ಹೆಚ್ಚೇ ಆಯಿತು. ಸಮುದ್ರ, ಸೂರ್ಯ, ದೀಪದ ಸಾಲು ಎಲ್ಲವೂ ಒಂದೇ ಕ್ಷಣದಲ್ಲಿ ನಮ್ಮ ಅಪರಾಧದ ಸಾಕ್ಷಿಗಳಾಗಿ ಕಂಡವು. ಚೀಲ ಎತ್ತಿಕೊಂಡು ಎದ್ದೇ ಬಿಟ್ಟೆವು. ರಾತ್ರಿಯ ಗಾಡಿ ಹಿಡಿದರೆ ನಡುರಾತ್ರಿಗಾದರೂ ಮನೆ ಸೇರಬಹುದು.

ಅಷ್ಟರಲ್ಲಿ ಫೋನು ಅತ್ತೆಯವರ ಕೈಗೆ ಹೋಯಿತು. “ಹುಡುಗಿ ಗಂಜಿ ಕುಡದು ಮಲಗ್ಯಾಳ. ನಾಕು ಮಕ್ಕಳನ್ನ ಸಾಕಿದಾಕಿ ನಾನು, ನನಗ ಜ್ವರ ಗೊತ್ತಿಲ್ಲೇನು? ನೀ ಅಲ್ಲೇ ಇರು,” ಎಂದರು. ನಾವು ಏನೋ ಹೇಳಲು ಹೋದೆವು. ಅವರು ತಡೆದು, ತುಸು ಹೊತ್ತು ಸುಮ್ಮನಿದ್ದು, “ನಾ ಎಂದೂ ಒಬ್ಬಾಕೇ ಎಲ್ಲಿಗೂ ಹೋದಾಕಿ ಅಲ್ಲ. ನೀ ಎಲ್ಲಾ ನೋಡಿಕೊಂಡು ಬಾ. ಬಂದು ನನಗ ಹೇಳು,” ಎಂದರು.

ನಾವು ಮತ್ತೆ ಕಟ್ಟೆಯ ಮೇಲೆ ಕುಳಿತೆವು. ಕತ್ತಲಾಗುವವರೆಗೂ ಕುಳಿತೆವು. ಇಡೀ ವಾರ ನಾವು ಮಾಡಿದ ಹೆಚ್ಚಿನ ಪಲ್ಯಗಳು ಬೇಕಾಗಿರಲೇ ಇಲ್ಲವೆಂದು ಆಗ ತಿಳಿಯಿತು.

ಚರ್ಚ್‌ಗೇಟಿನಿಂದ ಲೋಕಲ್ ಗಾಡಿಯ ಹೆಂಗಸರ ಡಬ್ಬಿ. ಒಬ್ಬಾಕೆ ಬಟಾಣಿ ಸುಲಿಯುತ್ತಿದ್ದಳು. ಇನ್ನೊಬ್ಬಾಕೆ ಏನೂ ಕೇಳದೆ ಸರಿದು ನಮಗೆ ಜಾಗ ಮಾಡಿಕೊಟ್ಟಳು. ಮಾಟುಂಗಾದಲ್ಲಿ ಇಳಿದರೆ ಊರಿಗೇ ಬಂದ ಹಾಗೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲಿ. ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದೂ ಇಲ್ಲಿಯೇ. ಬಾಳೆಲೆಯ ಮುಂದೆ ಕುಳಿತು ಸಾರು ಅನ್ನ ಉಂಡೆವು. ಬಡಿಸುವವರು “ಇನ್ನೂ ಸ್ವಲ್ಪ?” ಎಂದು ಕನ್ನಡದಲ್ಲೇ ಕೇಳಿದಾಗ ಗಂಟಲು ಕಟ್ಟಿತು. ನಮ್ಮನ್ನು ಹಾಗೆ ಕೇಳಿ ಬಡಿಸಿದವರು ತವರಿನಲ್ಲಿ ನಮ್ಮ ತಾಯಿ; ಆಮೇಲೆ ಕೇಳುವ ಸರದಿ ನಮ್ಮದೇ ಆಗಿತ್ತು.

ಇಳಿದುಕೊಳ್ಳಲು ಹೋದ ಸಣ್ಣ ವಸತಿಗೃಹದ ಗುಮಾಸ್ತರು ನಮ್ಮ ಹಿಂದೆ ಬಾಗಿಲ ಕಡೆ ನೋಡಿ, “ಜೊತೆಗೆ ಯಾರು?” ಎಂದು ಕೇಳಿದರು. ಯಾರೂ ಇಲ್ಲ ಎಂದೆವು. ಅವರು ಪುಸ್ತಕ ತಿರುವಿದರು, ಪೆನ್ನು ಇಟ್ಟರು, ಮತ್ತೆ ಎತ್ತಿದರು. ಕೊನೆಗೆ ಕೀಲಿಕೈ ಕೊಟ್ಟರು. ಹೊರಡುವ ಮುಂಚೆ ಗುರುತಿನ ಚೀಟಿ ತೋರಿಸಿ ಖೋಲಿ ಗೊತ್ತುಮಾಡಿಕೊಂಡಿರುವುದು ಒಳ್ಳೆಯದೆಂದು ಸೋದರಿಯರಿಗೆ ನಮ್ಮ ಸೂಚನೆ.

ರವಿವಾರ ಬೆಳಗ್ಗೆ ಮನೆಗೆ ಫೋನು ಮಾಡಿದರೆ ಜ್ವರ ಇಳಿದಿತ್ತು. ರೋಗಿಯೇ ಫೋನು ಎತ್ತಿ ತನಗೇನು ತರುತ್ತೀ ಎಂದು ಕೇಳಿದಳು. ಮಾಟುಂಗಾ ನಿಲ್ದಾಣವನ್ನು 2017ರಿಂದ ಪೂರಾ ಹೆಂಗಸರೇ ನಡೆಸುತ್ತಾರೆ. ಅಲ್ಲಿಂದ ಗಾಡಿ ಹಿಡಿದು, ಮುಂದೆ ಟ್ಯಾಕ್ಸಿಯಲ್ಲಿ ಗೇಟ್‌ವೇಗೆ ಹೋದೆವು. ರವಿವಾರ ಹಳಿ ರಿಪೇರಿಗಾಗಿ ಗಾಡಿಗಳು ಕಡಿಮೆ. ಒಂದು ತಾಸು ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಘಾರಾಪುರಿಗೆ, ಎಂದರೆ ಎಲಿಫೆಂಟಾಕ್ಕೆ, ದೋಣಿಯಲ್ಲಿ ಸುಮಾರು ಒಂದು ತಾಸು. 2024ರ ಡಿಸೆಂಬರಿನಲ್ಲಿ ಈ ದಾರಿಯಲ್ಲೇ ದೋಣಿಯೊಂದು ಅಪಘಾತಕ್ಕೀಡಾಗಿ ಜೀವಹಾನಿಯಾಯಿತು. ಆದ್ದರಿಂದ ಜೀವರಕ್ಷಕ ಕವಚವನ್ನು ಕೇಳಿ ತೊಟ್ಟೇ ಕುಳಿತೆವು. ಪೋರ್ತುಗೀಜರು ಇಲ್ಲಿ ಕಂಡ ಕಲ್ಲಿನ ಆನೆಯಿಂದ ಎಲಿಫೆಂಟಾ ಎಂಬ ಹೆಸರು ಬಂತು. ಆ ಆನೆ ಈಗ ಭಾಯಖಳದ ಜೀಜಾಮಾತಾ ಉದ್ಯಾನದ ಬದಿಗಿದೆ. ಸೋಮವಾರ ಗುಹೆಗಳಿಗೆ ರಜೆ.

ಮೆಟ್ಟಿಲು ಹತ್ತಿ ಒಳಗೆ ಹೋದಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ತುಸು ಹೊತ್ತು ಬೇಕಾಯಿತು. ಆಮೇಲೆ ಕಂಡಿತು ಸುಮಾರು ಇಪ್ಪತ್ತು ಅಡಿಯ ಮಹೇಶಮೂರ್ತಿ: ಮೂರು ಮುಖ, ಒಂದು ಉಗ್ರ, ಒಂದು ಕೋಮಲ, ನಡುವಿನದು ಕಣ್ಣು ಮುಚ್ಚಿ ತನ್ನಷ್ಟಕ್ಕೆ ತಾನಿರುವುದು. ಆರನೆಯ ಶತಮಾನದ ಕೆಲಸವೆಂದು ವಿದ್ವಾಂಸರ ಮತ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ, ನಮ್ಮ ಇಮ್ಮಡಿ ಪುಲಿಕೇಶಿ ಹಡಗುಗಳೊಡನೆ ಮುತ್ತಿದ ‘ಪುರಿ’ ಇದೇ ದ್ವೀಪವೆಂದು ಕೆಲವರು ಹೇಳುತ್ತಾರೆ. ನಾವು ನಿಂತದ್ದು ಮಾತ್ರ ನಡುವಿನ ಮುಖಕ್ಕಾಗಿ. ಮನೆಯಲ್ಲಿ ಮೊದಲಿನ ಎರಡು ಮುಖಗಳು ನಮಗೆ ದಿನನಿತ್ಯ ಬೇಕಾಗುತ್ತವೆ. ಮೂರನೆಯದು ಎಲ್ಲಿಟ್ಟೆವೋ ಮರೆತೇ ಹೋಗಿತ್ತು.

ಸಂಜೆಯ ಡೆಕ್ಕನ್ ಕ್ವೀನ್‌ನಲ್ಲಿ ಮರಳಿದೆವು. ಶೀತಕಪಾಟಿನ ಯಾದಿಯ ಅರ್ಧದಷ್ಟನ್ನು ಯಾರೂ ಮಾಡಿರಲಿಲ್ಲ, ಮನೆಯೇನೂ ಮುಳುಗಿರಲಿಲ್ಲ. ಮಗಳು ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಊಟವಾದ ಮೇಲೆ ಅತ್ತೆಯವರು ಜಪಮಣಿ ಪಕ್ಕಕ್ಕಿಟ್ಟು, “ಹೂಂ, ಹೇಳು,” ಎಂದರು. ಪಂಜು ಹಿಡಿದ ಹೆಂಗಸಿನಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದೆವು. ಕಣ್ಣು ಕಾಣದ ರಾಜಾಬಾಯಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ಗುಹೆಯ ವರ್ಣನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು:

“ಮೆಟ್ಟಲಾ ಎಷ್ಟು ಅದಾವ?”

“ಸುಮಾರು ನೂರಾ ಇಪ್ಪತ್ತು, ಅತ್ತೆಯವರೆ.”

“ನಡು ನಡುವ ಕೂಡಲಿಕ್ಕೆ ಜಾಗಾ ಅದ ಏನು?”

ಇದೆ ಎಂದೆವು.