ಕೊನೆಯ ಮನೆಯ ನಲ್ಲಿ ನೀರು

ಲಕ್ಷ್ಮಣತೀರ್ಥದ ದಂಡೆಯ ಹುಣಸೂರಾಗಲಿ, ಕಬಿನಿ ಸೀಮೆಯ ಎಚ್.ಡಿ. ಕೋಟೆಯಾಗಲಿ, ನಮ್ಮ ಊರುಗಳಲ್ಲಿ ನೀರಿನ ಗುಣ ನೋಡುವುದು ಕಣ್ಣು, ನಾಲಿಗೆಗಳಿಂದಲೇ. ತಿಳಿಯಾಗಿದ್ದು ಸಿಹಿಯಾಗಿದ್ದರೆ ಸಾಕು, ಕುಡಿಯುತ್ತೇವೆ. ಆದರೆ ಕಾಲರಾ, ಟೈಫಾಯ್ಡ್ ತರುವ ಸೂಕ್ಷ್ಮಾಣುಗಳು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. 2024ರ ಮೇ ತಿಂಗಳಲ್ಲಿ ಪಕ್ಕದ ಮೈಸೂರು ತಾಲ್ಲೂಕಿನ ಸಾಲುಂಡಿಯಲ್ಲಿ ಕಲುಷಿತ ನೀರು ಕುಡಿದು ಹಲವರು ವಾಂತಿ-ಭೇದಿಯಿಂದ ಆಸ್ಪತ್ರೆ ಸೇರಿದರು. ಒಬ್ಬ ಯುವಕ ತೀರಿಕೊಂಡ.

ಟ್ಯಾಂಕಿನಲ್ಲಿ ಚೆನ್ನಾಗಿದ್ದ ನೀರು ನಲ್ಲಿಗೆ ಬರುವಷ್ಟರಲ್ಲಿ ಕೆಡುವುದು ಹೇಗೆ? ನಮ್ಮಲ್ಲಿ ದಿನವಿಡೀ ನೀರು ಬಿಡುವುದಿಲ್ಲ. ಬಿಟ್ಟಾಗ ಪೈಪಿನ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದಾಗ ಒತ್ತಡ ಇಳಿದು, ಅದೇ ಬಿರುಕಿನಿಂದ ಚರಂಡಿಯ ಕೊಳೆ ಒಳಗೆ ಸೇರುತ್ತದೆ. ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ದಾರಿಯುದ್ದಕ್ಕೂ ಈ ಕೊಳೆಯೊಡನೆ ಸೆಣಸುತ್ತಾ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದಲೇ ಕೊನೆಯ ಮನೆಯ ನಲ್ಲಿಯನ್ನು ಪರೀಕ್ಷಿಸಬೇಕು. ಅಲ್ಲಿಯೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡಬೇಕೆನ್ನುತ್ತದೆ. ರೋಗಾಣು ಪರೀಕ್ಷೆಗೆ ಬೇಕಾದದ್ದು ಒಂದು ಪುಟ್ಟ ಬಾಟಲಿ. ಗುರುತಿನವರೆಗೆ ನಲ್ಲಿ ನೀರು ತುಂಬಿ, ಬಿರಡೆ ಬಿಗಿದು, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದಿಂದ ಬಂದ ಬ್ಯಾಕ್ಟೀರಿಯಾಗಳಿದ್ದರೆ ಅವು ಗಂಧಕದ ಅನಿಲ ಬಿಡುತ್ತವೆ. ಅದು ಬಾಟಲಿಯೊಳಗಿನ ಕಬ್ಬಿಣದ ಲವಣದೊಡನೆ ಕೂಡಿ ನೀರು ಕಪ್ಪಾಗುತ್ತದೆ. ಈ ಸರಳ ವಿಧಾನವನ್ನು 1982ರಲ್ಲಿ ಜಗತ್ತಿನ ಮುಂದಿಟ್ಟವರು ಕೆ.ಎಸ್. ಮಂಜ ಮತ್ತು ಸಂಗಡಿಗರು, ನಮ್ಮ ದೇಶದವರೇ.

ನೀರು ಕಪ್ಪಾದರೆ ಅದು ಎಚ್ಚರಿಕೆಯ ಗಂಟೆ. ಖಚಿತಪಡಿಸಿಕೊಳ್ಳಲು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಯವರೆಗೆ ಕುದಿಸಿ ಆರಿಸಿ ಕುಡಿಯಬೇಕು. ಆದರೆ ಕುದಿಸಿದರೆ ಸಾಯುವುದು ರೋಗಾಣು ಮಾತ್ರ. ಬೋರ್‌ವೆಲ್ ನೀರಿನ ಫ್ಲೋರೈಡ್ ಆಗಲಿ, ಗೊಬ್ಬರ ಮತ್ತು ತಿಪ್ಪೆಯಿಂದ ಇಳಿಯುವ ನೈಟ್ರೇಟ್ ಆಗಲಿ ಹಾಗೆಯೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಲೀಟರಿಗೆ ಫ್ಲೋರೈಡ್ 1.5, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ನೈಟ್ರೇಟ್ ಹೆಚ್ಚಿದ್ದರೆ ಹಸುಗೂಸಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಇವಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮೂರಿನ ಕೊನೆಯ ಮನೆಯ ನೀರನ್ನು ಯಾವಾಗ ಪರೀಕ್ಷಿಸಿದಿರಿ, ಫಲಿತಾಂಶ ಏನು ಬಂತು? ಉತ್ತರವನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ಮೊದಲ ಮಳೆ ಚರಂಡಿ ತುಂಬುವ ಮುಂಚೆಯೇ ಈ ಕೆಲಸ ಆಗಲಿ.