"ಈ ವಾರ ಏನು ಬರೆಸಿದ್ರು?" ಅಂತ ಕೇಳೋ ಮುಂಚೆ: ಒಂದು ಹೊಂಗೆ ಎಲೆಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಸಂಕ್ರಾಂತಿ ಮುಗೀತು, ಅಡ್ಮಿಷನ್ ಸೀಸನ್ ಶುರುವಾಯ್ತು. ರಾಜಾಜಿನಗರದಿಂದ ಕೆಂಗೇರಿವರೆಗೆ ಯಾವ ರಸ್ತೆಗೆ ಹೋದ್ರೂ ಪ್ರಿಸ್ಕೂಲ್ ಬ್ಯಾನರ್. ಎಲ್ಲದರಲ್ಲೂ ಒಂದೇ ಮಾತು: ಆಟದ ಮೂಲಕ ಪಾಠ. ಇವತ್ತು ಆ ಮಾತಿನ ಒಳಗೆ ಏನಿದೆ ಅಂತ ನೋಡೋಣ.

ಹೋದ ಶುಕ್ರವಾರ ಬಸವೇಶ್ವರನಗರದಲ್ಲಿರೋ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ನಾಲ್ಕು ವರ್ಷ. ಅಕ್ಕ ಬ್ಯಾಗಿಂದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. "ನೋಡೋ, ಇಡೀ ವಾರ ಒಂದಕ್ಷರ ಬರೆಸಿಲ್ಲ. ಎದುರುಮನೆ ಹುಡುಗ ಆಗ್ಲೇ ನೂರರವರೆಗೆ ಬರೀತಾನೆ. ಇವಳು ಎಲೆ ಅಂಟಿಸ್ಕೊಂಡು ಬಂದಿದಾಳೆ. ಜೂನ್‌ಗೆ ಸ್ಕೂಲ್ ಬದಲಾಯಿಸ್ತೀನಿ."

ಪುಸ್ತಕದಲ್ಲಿ ಒಂದು ಹೊಂಗೆ ಎಲೆ ಇತ್ತು. ಪಕ್ಕದ ಹಾಳೇಲಿ ಅದೇ ಎಲೆ ಮೇಲೆ ಕಾಗದ ಇಟ್ಟು ಕ್ರೇಯಾನ್ ಉಜ್ಜಿದ ಗುರುತು. ಎಲೆ ಮೇಲೆ ಬಿಳಿ ಬಣ್ಣದ ಸೊಟ್ಟ ಗೆರೆ ಒಂದಿತ್ತು. ಮಗು ಅದರ ಮೇಲೆ ಬೆರಳಿಟ್ಟು, "ಮಾಮಾ, ಇದು ಹುಳದ ರೋಡು" ಅಂದಳು.

ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ.

ಒಂದು ಎಲೆ, ಐದು ದಿನ

ಆ ಶಾಲೆಯ ವಾರದ ಪ್ಲಾನ್ ತೆಗೆಸಿ ನೋಡಿದೆ. ಸೋಮವಾರ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಹೋಗಿ ಬಿದ್ದ ಎಲೆ ಆರಿಸೋದು. ಮಂಗಳವಾರ ಅವನ್ನ ವಿಂಗಡಿಸೋದು: ಹಸಿರು ಒಂದು ಕಡೆ, ಹಳದಿ ಒಂದು ಕಡೆ, ತೂತು ಇರೋದು ಇನ್ನೊಂದು ಕಡೆ. ಬುಧವಾರ ಎಲೆಯ ಅಚ್ಚು, ಜೇಡಿಮಣ್ಣಿನ ಮೇಲೆ ಒತ್ತೋದು. ಗುರುವಾರ ಎಲೆಯೊಳಗೆ ವಾಸ ಮಾಡೋ ಹುಳದ ಕಥೆ, ಆಮೇಲೆ ಮಕ್ಕಳೇ ಹುಳ ಆಗಿ ತೆವಳೋ ಆಟ. ಶುಕ್ರವಾರ ಮತ್ತೆ ಅದೇ ಮರದ ಹತ್ತಿರ.

ನೋಡೋಕೆ ಟೈಂಪಾಸ್ ಥರ ಇದೆ. ಆದರೆ ಮಂಗಳವಾರದ್ದನ್ನೇ ತಗೊಳ್ಳಿ. ಹೊಂಗೆಯ ಒಂದು ಕಡ್ಡಿಯಲ್ಲಿ ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆ ಇರುತ್ತವೆ. ಎದುರುಬದುರು ಜೋಡಿ ಜೋಡಿಯಾಗಿ ಬಂದು, ತುದಿಯಲ್ಲಿ ಒಂದು ಒಂಟಿಯಾಗಿ ನಿಲ್ಲುತ್ತೆ. ಮಗು ಎರಡೆರಡು ಕಿತ್ತು ಜೋಡಿಸಿದಾಗ ಕೊನೆಗೆ ಒಂದು ಉಳಿಯುತ್ತೆ. "ಇದಕ್ಕೆ ಫ್ರೆಂಡ್ ಇಲ್ಲ" ಅನ್ನುತ್ತೆ. ಅದೇ ಬೆಸ ಸಂಖ್ಯೆ. ಹೆಸರು ಎರಡು ವರ್ಷ ಬಿಟ್ಟು ಬರಲಿ, ವಿಷಯ ಇವತ್ತೇ ಕೈಗೆ ಸಿಕ್ಕಿದೆ. ವಿಂಗಡಿಸೋದು, ಹೋಲಿಸೋದು, ಜೋಡಿಸೋದು ಬಾರದ ಮಗು ನೂರರವರೆಗೆ ಬರೆದರೆ ಅದು ನೂರು ಚಿತ್ರ ಬರೆದ ಹಾಗೆ.

ನಮ್ಮ ಅಜ್ಜಿಯರು ಬಾಗಿಲ ಮುಂದೆ ಇಡುತ್ತಿದ್ದ ಚುಕ್ಕಿ ರಂಗೋಲಿಯಲ್ಲೂ ಇದೇ ಲೆಕ್ಕ. ನಡುಸಾಲಿಗೆ ಐದು ಚುಕ್ಕಿ, ಮೇಲೆ ಕೆಳಗೆ ಮೂರು, ಆಮೇಲೆ ಒಂದು. ಎಣಿಕೆ, ಅಂತರ, ಎಡಬಲದ ಸಮ ಎಲ್ಲಾ ಅದರಲ್ಲೇ ಇದೆ.

ಪೆನ್ಸಿಲ್‌ಗೆ ಯಾಕೆ ಅವಸರ ಬೇಡ

ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಯಾಗಿರಲ್ಲ, ಮೃದ್ವಸ್ಥಿ ಆಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಹೋಗಿ ಎಂಟೂ ಮೂಳೆಯಾಗೋಕೆ ಹತ್ತು ವರ್ಷದ ಆಸುಪಾಸು ಆಗುತ್ತೆ. ಬೆರಳಿನ ಹಿಡಿತವೂ ಹಾಗೇ, ನಿಧಾನಕ್ಕೆ ಬರುವಂಥದ್ದು. ಮೂರು ವರ್ಷದ ಮಗು ಕ್ರೇಯಾನನ್ನ ಇಡೀ ಮುಷ್ಟಿಯಲ್ಲಿ ಹಿಡಿಯೋದು ಇದಕ್ಕೇ.

ಜೇಡಿಮಣ್ಣು ಹಿಸುಕೋದು, ಕಾಗದ ಹರಿಯೋದು, ಅಮ್ಮ ಚಪಾತಿ ಹಿಟ್ಟು ಕಲಸುವಾಗ ಒಂದು ಉಂಡೆ ಇಸ್ಕೊಂಡು ತಟ್ಟೋದು, ಇವೆಲ್ಲ ಬರವಣಿಗೆಯ ತಯಾರಿಯೇ. ಕೈ ತಯಾರಾಗೋ ಮುಂಚೆ ನಾಲ್ಕು ಗೆರೆ ಪುಸ್ತಕ ಕೊಟ್ಟರೆ ಮಗು ಬರೆಯಬಹುದು. ಆದರೆ ಕೈ ನೋಯುತ್ತೆ, ಹಿಡಿತ ತಪ್ಪಾಗಿ ಕೂರುತ್ತೆ, ಪುಸ್ತಕ ಕಂಡರೆ ಓಡಿಹೋಗುತ್ತೆ.

ಸರ್ಕಾರದ ಕಾಗದ ಏನು ಹೇಳುತ್ತೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನ ಒಂದೇ ಬುನಾದಿ ಹಂತ ಅಂತ ಕರೆಯಿತು. ಆ ಹಂತದ ಪಠ್ಯಕ್ರಮ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಬಂತು. ಅದನ್ನ ರೂಪಿಸಿದ ಸಮಿತಿಯ ಅಧ್ಯಕ್ಷರು ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್. ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕ ಬೇಡ, ಪರೀಕ್ಷೆಯಂತೂ ಸಲ್ಲದು ಅಂತ ಅದು ನೇರವಾಗಿ ಹೇಳುತ್ತೆ. 2023ರ ಫೆಬ್ರವರಿಯಲ್ಲಿ ಬಿಡುಗಡೆಯಾದ 'ಜಾದೂಯಿ ಪಿಟಾರಾ' ಅನ್ನೋ ಪೆಟ್ಟಿಗೆಯಲ್ಲಿ ಇರೋದೂ ಆಟಿಕೆ, ಗೊಂಬೆ, ಒಗಟು, ಚಿತ್ರಗಳು.

ನಮ್ಮಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮ ಬಂತು. 2025-26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳು ಅಂತ ಸಡಿಲಿಸಿದರು. ಅಂದರೆ ಮೂರಕ್ಕೆ ಸೇರಿದ ಮಗುವಿಗೆ ಹೆಚ್ಚುಕಮ್ಮಿ ಮೂರು ವರ್ಷ ಸಮಯ ಇದೆ. ಅವಸರ ನಮ್ಮದು, ಮಗುವಿನದ್ದಲ್ಲ.

ಇದು ಹೊಸ ಫ್ಯಾಷನ್ ಅಲ್ಲ

ಮಾಂಟೆಸ್ಸೊರಿ ಅಂದ ತಕ್ಷಣ ಫೀಸ್ ನೆನಪಾಗುತ್ತೆ. ಆದರೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ಮೊದಲ ಮಕ್ಕಳ ಮನೆ ತೆರೆದಿದ್ದು ರೋಮ್‌ನ ಬಡವರ ಬಡಾವಣೆಯಲ್ಲಿ. 1939ರಲ್ಲಿ ಅವರು ಮದರಾಸಿನ ಅಡಯಾರ್‌ಗೆ ಬಂದರು. ಅದಕ್ಕೆ ಒಂದು ವರ್ಷ ಮುಂಚೆಯೇ, 1938ರಲ್ಲಿ, ನಮ್ಮ ವಿಜಯನಗರದಿಂದ ಬಲು ದೂರವೇನಲ್ಲದ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು ಮಕ್ಕಳ ಕೂಟ ಶುರು ಮಾಡಿದ್ದರು. ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿದ್ದೂ ಮಕ್ಕಳು ಆಡಿ, ನೋಡಿ, ಮಾಡಿ ಕಲಿಯಲಿ ಅಂತಲೇ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಯೋಜನೆ ಶುರುವಾದಾಗಿನಿಂದ ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದು. ಚಟುವಟಿಕೆಗಳಿಗೆ ನಮ್ಮ ರಾಜ್ಯದಲ್ಲಿ 'ಚಿಲಿಪಿಲಿ' ಪುಸ್ತಕ ಇದೆ. ಹಾಡು, ಕಥೆ, ಆಟ ಎಲ್ಲಾ ಅದರಲ್ಲಿ ಇವೆ. ತೊಂದರೆ ಇರೋದು ಬೇರೆ ಕಡೆ: ಒಂದೇ ಕೋಣೆ, ಮೂರರಿಂದ ಆರು ವರ್ಷದವರೆಲ್ಲ ಒಟ್ಟಿಗೆ, ಅದೇ ಕಾರ್ಯಕರ್ತೆ ತೂಕ ನೋಡಬೇಕು, ಊಟ ನೋಡಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್ ತುಂಬಬೇಕು. ಹೊಂಗೆ ಎಲೆಗೆ ದುಡ್ಡು ಬೇಡ, ನಿಜ. ಆದರೆ ಅದನ್ನ ಕೈಲಿ ಹಿಡಿದು ಮಗುವಿನ ಜೊತೆ ಕೂರೋಕೆ ಒಬ್ಬರು ಬೇಕು, ಅವರಿಗೆ ಪುರುಸೊತ್ತು ಬೇಕು.

ಆಟದ ಹೆಸರಲ್ಲಿ ಮೋಸ ಇಲ್ವಾ?

ಇದೆ. "ಯೆಲ್ಲೋ ಡೇ" ಬಗ್ಗೆ ನಿಮಗೆ ಗೊತ್ತೇ ಇರುತ್ತೆ. ಹಿಂದಿನ ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಮೆಸೇಜ್, ಅಪ್ಪ ಹಳದಿ ಟೀಶರ್ಟ್ ಹುಡುಕಿಕೊಂಡು ವಿಜಯನಗರದ ಅಂಗಡಿ ಅಂಗಡಿ ಅಲೆಯೋದು, ಬೆಳಿಗ್ಗೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಫೋಟೋ. ಅಲ್ಲಿಗೆ ಹಳದಿ ಮುಗೀತು. ಮಗುವಿಗೆ ಸಿಕ್ಕಿದ್ದು ಬಿಸಿಲು, ನಮಗೆ ಸಿಕ್ಕಿದ್ದು ಸ್ಟೇಟಸ್.

ಹಾಗೇ ಇಪ್ಪತ್ತು ಮಕ್ಕಳ ಇಪ್ಪತ್ತು ಚಿತ್ರವೂ ಒಂದೇ ಥರ ಇದ್ದರೆ ಅನುಮಾನ ಪಡಿ. ಕತ್ತರಿಸಿದ್ದು ಟೀಚರ್, ಅಂಟಿಸಿದ್ದು ಆಯಾ, ಮಗು ಹೆಬ್ಬೆರಳು ಒತ್ತಿದೆ ಅಷ್ಟೇ.

ಅದಕ್ಕೇ ಅಡ್ಮಿಷನ್‌ಗೆ ಹೋದಾಗ ಎಸಿ ಇದೆಯಾ ಅಂತ ಕೇಳೋ ಬದಲು ನಾಲ್ಕು ಪ್ರಶ್ನೆ ಕೇಳಿ. ಒಂದು ವಿಷಯವನ್ನ ಎಷ್ಟು ದಿನ ಮಾಡಿಸ್ತೀರಿ? ಮಕ್ಕಳು ದಿನಾ ಹೊರಗೆ ಹೋಗ್ತಾರಾ, ಎಷ್ಟು ಹೊತ್ತು? ಗೋಡೆ ಮೇಲಿನ ಚಿತ್ರಗಳನ್ನ ಯಾರು ಮಾಡಿದ್ದು? ಮಗು ಮನೆಯಲ್ಲಿ ಕನ್ನಡ ಮಾತಾಡಿದ್ರೆ ಇಲ್ಲೂ ಕನ್ನಡದಲ್ಲಿ ಮಾತಾಡಬಹುದಾ? ಕೊನೆಯದು ಮುಖ್ಯ. ಹುಳದ ರೋಡಿನ ಬಗ್ಗೆ ಹೇಳೋಕೆ ಮಗುವಿಗೆ ತನ್ನ ಮಾತು ಬೇಕು.

ಮನೆಯಲ್ಲೂ ಇದು ಆಗುತ್ತೆ. ಭಾನುವಾರ ಮಲ್ಲತ್ತಹಳ್ಳಿ ಕೆರೆ ಕಡೆಗೋ ಜ್ಞಾನಭಾರತಿ ಕ್ಯಾಂಪಸ್ ಕಡೆಗೋ ಹೋಗಿ. ಅದೂ ಬೇಡ, ನಿಮ್ಮ ಬೀದಿಯ ಮರವೇ ಸಾಕು. ಒಂದು ಎಚ್ಚರ: ಎಲೆ ಸರಿ, ಹೊಂಗೆ ಬೀಜ ಬಾಯಿಗೆ ಹೋಗಬಾರದು. ಅದು ತಿನ್ನೋ ಬೀಜ ಅಲ್ಲ. ಪುಟ್ಟ ಮಕ್ಕಳು ಬೀಜ, ಮಣಿ ಯಾವುದನ್ನೇ ಆದ್ರೂ ಮೂಗಿಗೆ ಹಾಕಿಕೊಳ್ತಾರೆ, ಹಾಗಾಗಿ ಪಕ್ಕದಲ್ಲೇ ಇರಿ.

ಕೊನೆಗೆ ಆ ಬಿಳಿ ಗೆರೆ. ಮನೆಗೆ ಬಂದು ಹುಡುಕಿದೆ. ರೈತರು ಅಂಥ ಹುಳವನ್ನ ರಂಗೋಲಿ ಹುಳು ಅಂತಾರಂತೆ. ಎಲೆಯ ಮೇಲ್ಪದರ, ಕೆಳಪದರದ ನಡುವೆ ತಿನ್ನುತ್ತಾ ಸುರಂಗ ಕೊರೆಯುತ್ತೆ. ಗೆರೆ ಶುರುವಾದ ಕಡೆ ದಾರದಷ್ಟು ಸಣ್ಣ, ಹೋಗ್ತಾ ಹೋಗ್ತಾ ಅಗಲ, ಯಾಕಂದ್ರೆ ತಿಂದ ಹಾಗೆಲ್ಲ ಹುಳ ಬೆಳೆದಿದೆ. ಫೋನ್ ಮಾಡಿ ಅಕ್ಕನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಇರು, ಪುಸ್ತಕ ತರ್ತೀನಿ" ಅಂತ ಹೋದಳು. ಆ ಕಡೆಯಿಂದ ಮಗುವಿನ ದನಿ ಕೇಳಿಸ್ತಿತ್ತು: "ಅಮ್ಮಾ, ನಾನು ಹೇಳಿದ್ನಲ್ಲಾ!"

ಸ್ಕೂಲ್ ಬದಲಾಯಿಸೋ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಎದುರುಮನೆ ಹುಡುಗ ಇನ್ನೂ ನೂರರವರೆಗೆ ಬರೀತಾನೇ ಇದ್ದಾನೆ. ಆದರೆ ಈ ಶುಕ್ರವಾರ ಅಕ್ಕ ಮಗಳನ್ನ "ಏನು ಬರೆಸಿದ್ರು?" ಅಂತ ಕೇಳಲಿಲ್ಲವಂತೆ. "ಏನು ನೋಡಿದೆ?" ಅಂತ ಕೇಳಿದಳಂತೆ. ಉತ್ತರ ಇಪ್ಪತ್ತು ನಿಮಿಷ ಬಂತಂತೆ.

ನಿಮ್ಮ ಮನೆಯಲ್ಲೂ ಕೇಳಿ ನೋಡಿ.